ಮೊದಲು ಅಳತೆ, ಆಮೇಲೆ ಕತ್ತರಿ

ದೆಹಲಿಯ ಕರೋಲ್ ಬಾಗ್‌ಗೆ ಜನ ಸಾಮಾನ್ಯವಾಗಿ ಮೂರು ಕಾರಣಕ್ಕೆ ಬರುತ್ತಾರೆ. ಮದುವೆ ಬಟ್ಟೆ ಕೊಳ್ಳಲು, ಗಫಾರ್ ಮಾರ್ಕೆಟ್‌ನಲ್ಲಿ ಮೊಬೈಲ್ ರಿಪೇರಿ ಮಾಡಿಸಲು, ಇಲ್ಲವೇ ಪಕ್ಕದ ರಾಜೇಂದ್ರ ನಗರದವರೆಗೂ ಹಬ್ಬಿರುವ ಕೋಚಿಂಗ್ ಸೆಂಟರುಗಳಲ್ಲಿ ಒಂದನ್ನು ಸೇರಲು. ನಾನು ಬಂದದ್ದು ಈ ಮೂರಕ್ಕೂ ಅಲ್ಲ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಫಿಸಿಯೋಥೆರಪಿ ಓದಿ, 2011ರಲ್ಲಿ ಕೆಲಸ ಹುಡುಕಿಕೊಂಡು ಬಂದವನು ಇಲ್ಲೇ ಉಳಿದೆ. ಈಗ ಒಂದು ಓಣಿಯ ಮೊದಲ ಮಹಡಿಯಲ್ಲಿ ನನ್ನದೇ ಪುಟ್ಟ ಕ್ಲಿನಿಕ್ ಇದೆ. ಬೆನ್ನು, ಮಂಡಿ, ಭುಜ ನೋಯುವವರು ಬರುತ್ತಾರೆ. 'ಡಾಕ್ಟ್ರು ವ್ಯಾಯಾಮ ಮಾಡು ಅಂದ್ರು, ಏನು ಮಾಡ್ಲಿ, ಎಷ್ಟು ಮಾಡ್ಲಿ?' ಎಂದು ಕೇಳುವವರೂ ಬರುತ್ತಾರೆ. ಅವರಲ್ಲಿ ನಮ್ಮ ಕನ್ನಡದವರೂ ಸಾಕಷ್ಟು ಮಂದಿ.

ನನ್ನ ಕ್ಲಿನಿಕ್‌ನ ಕೆಳಗಿನ ಅಂಗಡಿಯಲ್ಲಿ ಒಬ್ಬ ಟೈಲರ್ ಇದ್ದಾರೆ. ಓಣಿಯವರಿಗೆಲ್ಲ ಅವರು ಮಾಸ್ಟರ್‌ಜಿ. ಶೇರ್ವಾನಿ ಹೊಲಿಯುವುದರಲ್ಲಿ ಎತ್ತಿದ ಕೈ. ಎಷ್ಟೇ ಗಡಿಬಿಡಿ ಇರಲಿ, ಹಳೆಯ ಗಿರಾಕಿಯೇ ಆಗಿರಲಿ, ಟೇಪು ಹಿಡಿಯದೆ ಅವರು ಬಟ್ಟೆ ಮುಟ್ಟುವುದಿಲ್ಲ. 'ಹೋದ ವರ್ಷದ ಅಳತೆ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ' ಎಂದರೆ, 'ಪೆಹಲೇ ನಾಪ್, ಫಿರ್ ಕೈಂಚಿ' ಎನ್ನುತ್ತಾರೆ. ಮೊದಲು ಅಳತೆ, ಆಮೇಲೆ ಕತ್ತರಿ.

ಅದೇ ಓಣಿ ದಾಟಿ ಮುಖ್ಯರಸ್ತೆಗೆ ಬಂದರೆ ಒಂದಾದ ಮೇಲೊಂದು ಜಿಮ್. ದುಡ್ಡು ಕಟ್ಟಿದ ಮೊದಲ ದಿನವೇ ಕೈಗೆ ಒಂದು ಚಾರ್ಟ್ ಸಿಗುತ್ತದೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು. 22ರ ಹುಡುಗನಿಗೂ ಅದೇ ಚಾರ್ಟ್, 52ರ ಬ್ಯಾಂಕ್ ಮ್ಯಾನೇಜರ್‌ಗೂ ಅದೇ ಚಾರ್ಟ್. ಜಿಮ್ಮಿಗೆ ಹೋಗದವರಿಗೆ ಯೂಟ್ಯೂಬ್ ಇದೆ, ವಾಟ್ಸಾಪ್ ಇದೆ, ದಿನಕ್ಕೆ 10,000 ಹೆಜ್ಜೆ ಎನ್ನುವ ಕೈಗಡಿಯಾರ ಇದೆ. ಒಂದು ದಿನ ತೊಡುವ ಬಟ್ಟೆಗೆ ಹತ್ತು ಕಡೆ ಅಳತೆ ಕೊಡುವ ನಾವು, ಬದುಕಿಡೀ ತೊಟ್ಟಿರಬೇಕಾದ ಮೈಗೆ ಮಾತ್ರ ಫ್ರೀ ಸೈಜ್ ವ್ಯಾಯಾಮ ಸಾಕು ಎಂದುಕೊಂಡಿದ್ದೇವೆ. ನನ್ನ ತಕರಾರು ಇದೇ. ಆದರೆ ಬೇರೆಯವರ ಮೇಲೆ ತಕರಾರು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ದೆಹಲಿಗೆ ಬಂದ ಹೊಸದರಲ್ಲಿ, ಸಂಬಳ ಸಾಲದೆ, ಸಂಜೆ ಹೊತ್ತು ಒಂದು ಜಿಮ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿಗೆ ಉತ್ತರ ಕರ್ನಾಟಕದ ಕಡೆಯವರೊಬ್ಬರು ಸೇರಿದರು. ವಯಸ್ಸು 41, ಕೇಂದ್ರ ಸರ್ಕಾರದ ನೌಕರಿ, ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಕನ್ನಡ ಮಾತಾಡುವವನು ಸಿಕ್ಕನೆಂದು ಅವರಿಗೆ ಖುಷಿ, ನನಗೂ ಖುಷಿ. ಊರು, ಜೋಳದ ರೊಟ್ಟಿ, ಇಲ್ಲಿಯ ಚಳಿ ಎಂದು ಅರ್ಧ ಗಂಟೆ ಹರಟಿದೆವು. ಎಲ್ಲ ಕೇಳಿದೆ. ತಲೆ ಸುತ್ತುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತೇ ಎಂಬುದನ್ನು ಮಾತ್ರ ಕೇಳಲಿಲ್ಲ. ಎಲ್ಲರಿಗೂ ಕೊಡುತ್ತಿದ್ದ ಜೆರಾಕ್ಸ್ ಹಾಳೆಯನ್ನೇ ಅವರಿಗೂ ಕೊಟ್ಟೆ. ಟ್ರೆಡ್‌ಮಿಲ್ 30 ನಿಮಿಷ, ಆಮೇಲೆ ಭಾರ.

ಮೂರನೇ ದಿನ ಅವರು ಭಾರ ಎತ್ತಿ ಇಳಿಸಿದವರು ಹಾಗೇ ಗೋಡೆಗೆ ಒರಗಿ ಕುಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಬಿ.ಪಿ. 190/110 ಇತ್ತು. ಅವರಿಗೆ ಬಿ.ಪಿ. ಇದೆಯೆಂಬುದು ಅವರಿಗೇ ಗೊತ್ತಿರಲಿಲ್ಲ. ಎರಡು ದಿನದಲ್ಲಿ ಹುಷಾರಾಗಿ ಮನೆಗೆ ಬಂದರು, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಮಾತ್ರ ಅಂದು ರಾತ್ರಿ ನಿದ್ದೆ ಮಾಡಲಿಲ್ಲ. ಬಿ.ಪಿ. ನೋಡುವ ಯಂತ್ರ ನನ್ನ ಮೇಜಿನ ಡ್ರಾಯರ್‌ನಲ್ಲೇ ಇತ್ತು. ಎರಡು ನಿಮಿಷದ ಕೆಲಸ. ಯಾರೂ ಮಾಡುತ್ತಿರಲಿಲ್ಲ, ನಾನೂ ಮಾಡಲಿಲ್ಲ. ಆ ಹಾಳೆಯನ್ನು ಮತ್ತೆ ಯಾರಿಗೂ ಕೊಟ್ಟಿಲ್ಲ.

ಇದನ್ನು ಓದಿ ಯಾರಾದರೂ 'ವ್ಯಾಯಾಮವೇ ಅಪಾಯ' ಎಂದುಕೊಂಡರೆ ನಾನು ಬರೆದದ್ದು ವ್ಯರ್ಥ. ನಮ್ಮ ರಾಜ್ಯದಲ್ಲಿ ಈ ಭಯ ಎರಡು ಸಲ ದೊಡ್ಡದಾಗಿ ಹರಡಿದ್ದನ್ನು ದೂರದಿಂದಲೇ ಕಂಡಿದ್ದೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ನಮ್ಮನ್ನು ಬಿಟ್ಟುಹೋದರು. ಅಂದು ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರು ಎಂಬ ಒಂದೇ ಸಂಗತಿ ಹಿಡಿದುಕೊಂಡು ಎಷ್ಟೋ ಮಂದಿ ಜಿಮ್ ಬಿಟ್ಟರು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದೇ ಕಾರಣ ಎಂದು ತೀರ್ಮಾನಿಸಲು ನಮಗೆ ಯಾರಿಗೂ ಅಧಿಕಾರವಿಲ್ಲ. ಆದರೂ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ನಿಂತಿತು.

2025ರ ಜೂನ್, ಜುಲೈಯಲ್ಲಿ ಇದೇ ಕಥೆ ನನ್ನ ಜಿಲ್ಲೆಯಲ್ಲೇ ಆಯಿತು. ಹಾಸನದಲ್ಲಿ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದವು. ಟಿ.ವಿ.ಯಲ್ಲಿ ಸಂಖ್ಯೆ ಏರುತ್ತಲೇ ಇತ್ತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಅಸಹಜವಾದ ಏರಿಕೆ ಕಾಣಲಿಲ್ಲ ಎಂದು ಆ ಸಮಿತಿ ಹೇಳಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಬೊಜ್ಜು ಎಂಬ ಹಳೆಯ ಶತ್ರುಗಳ ಹೆಸರೇ ಮತ್ತೆ ಚರ್ಚೆಗೆ ಬಂತು. ಆದರೆ ವರದಿ ಬರುವ ಹೊತ್ತಿಗೆ ಭಯ ಮನೆಮನೆ ಹೊಕ್ಕಾಗಿತ್ತು.

ನಮ್ಮ ಮನೆಗೂ ಹೊಕ್ಕಿತ್ತು. ಅಪ್ಪನಿಗೆ ಆಗ 71. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದವರು. ಜುಲೈಯಲ್ಲಿ ಒಂದು ದಿನ ಅಮ್ಮ ಫೋನಿನಲ್ಲಿ, 'ನಿಮ್ಮಪ್ಪ ವಾಕಿಂಗ್ ಬಿಟ್ಟು ಮೂರು ವಾರ ಆಯ್ತು ಕಣೋ, ದಿನಾ ಸೋಫಾ ಮೇಲೆ ಕೂತು ಟಿ.ವಿ. ನೋಡ್ತಾರೆ' ಎಂದರು. ಅಪ್ಪನನ್ನು ಕೇಳಿದರೆ, 'ನಡೆಯೋವಾಗ ಏನಾದ್ರೂ ಆದ್ರೆ ಯಾರಪ್ಪ ನೋಡೋರು?' ಎಂಬ ಉತ್ತರ. ಇಸಿಜಿ ಮಾಡಿಸಿದ್ದರು, ಸರಿಯಾಗಿತ್ತು. ರಕ್ತ ಪರೀಕ್ಷೆಯೂ ಆಗಿತ್ತು. ಎಲ್ಲ ಸರಿ ಇದ್ದರೂ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ದೆಹಲಿಯಲ್ಲಿ ಕೂತು ಊರ ಮಂದಿಗೆಲ್ಲ ವ್ಯಾಯಾಮ ಹೇಳಿಕೊಡುವ ಮಗ ನಾನು. ನನ್ನ ಅಪ್ಪನ ಮೈಯಲ್ಲಿ ಎಷ್ಟು ಕಸುವಿದೆ ಎಂದು ನಾನು ಒಂದು ಸಲವೂ ಅಳೆದಿರಲಿಲ್ಲ.

ಹೊರನಾಡಿನಲ್ಲಿರುವ ನಮ್ಮಲ್ಲಿ ಬಹಳ ಜನರ ಪರಿಸ್ಥಿತಿ ಇದೇ. ಕಂಪನಿಯವರು ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಮಾಡಿಸುತ್ತಾರೆ. ಹತ್ತು ಪುಟದ ವರದಿ ಬರುತ್ತದೆ. ಕೊಲೆಸ್ಟರಾಲ್, ಸಕ್ಕರೆ, ಥೈರಾಯ್ಡ್, ವಿಟಮಿನ್ ಡಿ ಎಲ್ಲ ಇರುತ್ತದೆ. ಇವೆಲ್ಲ ಬೇಕು, ಬೇಡ ಎನ್ನುವುದಿಲ್ಲ. ಆದರೆ ನಾವು ಎಷ್ಟು ದೂರ ನಡೆಯಬಲ್ಲೆವು, ಕೈ ಊರದೆ ನೆಲದಿಂದ ಏಳಬಲ್ಲೆವೇ, ಒಂಟಿ ಕಾಲಿನ ಮೇಲೆ ಎಷ್ಟು ಹೊತ್ತು ನಿಲ್ಲಬಲ್ಲೆವು ಎಂಬುದು ಆ ಹತ್ತು ಪುಟಗಳಲ್ಲಿ ಎಲ್ಲೂ ಇರುವುದಿಲ್ಲ. ಅದರಲ್ಲಿ ಕಾಯಿಲೆಯ ಅಳತೆ ಇರುತ್ತದೆ, ಸಾಮರ್ಥ್ಯದ ಅಳತೆ ಇರುವುದಿಲ್ಲ. ವ್ಯಾಯಾಮ ಶುರು ಮಾಡುವವನಿಗೆ ಎರಡೂ ಬೇಕು.

ಸಾಮರ್ಥ್ಯದ ಅಳತೆ ಎಂದರೆ ದೊಡ್ಡ ಯಂತ್ರ, ದೊಡ್ಡ ಖರ್ಚು ಎಂದು ತಿಳಿಯಬೇಡಿ. ಒಂದು ಕುರ್ಚಿ, ಒಂದು ಟೇಪು, ಸೆಕೆಂಡು ತೋರಿಸುವ ಗಡಿಯಾರ, ಒಂದು ಬಿ.ಪಿ. ಯಂತ್ರ. ಇಷ್ಟಿದ್ದರೆ ಮುಕ್ಕಾಲು ಪಾಲು ಕೆಲಸ ಮನೆಯಲ್ಲೇ ಆಗುತ್ತದೆ.

ಮೊದಲಿಗೆ ಅಳತೆಗಿಂತ ಮುಂಚಿನ ಪ್ರಶ್ನೆಗಳು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುತ್ತದೆಯೇ? ತಲೆ ಸುತ್ತಿ ಬಿದ್ದದ್ದುಂಟೇ? ಮೂಳೆ, ಕೀಲಿನ ತೊಂದರೆ ಇದೆಯೇ? ಬಿ.ಪಿ., ಸಕ್ಕರೆ, ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರೆಯೇ? ಇದರಲ್ಲಿ ಒಂದಕ್ಕೆ 'ಹೌದು' ಎಂಬ ಉತ್ತರ ಬಂದರೂ ಮೊದಲು ವೈದ್ಯರ ಬಳಿ ಹೋಗಬೇಕು, ಆಮೇಲೆ ಉಳಿದದ್ದು. 41 ವರ್ಷದ ಆ ಗೆಳೆಯರಿಗೆ ನಾನು ಕೇಳದೇ ಹೋದದ್ದು ಈ ಐದು ಪ್ರಶ್ನೆಗಳನ್ನು.

ಎರಡನೆಯದು ಸೊಂಟದ ಸುತ್ತಳತೆ. ನಮ್ಮವರು ತೂಕ ನೋಡಿ ನೆಮ್ಮದಿಯಾಗುತ್ತಾರೆ. ಕೈಕಾಲು ಸಣ್ಣಗೆ, ಹೊಟ್ಟೆ ಮಾತ್ರ ಮುಂದೆ ಇರುವ ಮೈಕಟ್ಟು ಭಾರತೀಯರಲ್ಲಿ ಸಾಮಾನ್ಯ. ಅದಕ್ಕೇ ನಮಗೆ ಮಿತಿಗಳೂ ಬೇರೆ. ಯುರೋಪಿನವರಿಗೆ ಬಿಎಂಐ 25 ದಾಟಿದರೆ ಅಧಿಕ ತೂಕ, ನಮಗೆ 23 ದಾಟಿದರೇ ಅಧಿಕ. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಪ್ಯಾಂಟಿನ ಸೈಜನ್ನು ನಂಬಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತೇವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟು ನೋಡಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗುವವರು ನೀವೇ.

ಮೂರನೆಯದು ಕಾಲಿನ ಬಲ. ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸುವುದು. ವಯಸ್ಸಾದವರಿಗೆ ಇದು ಬಹಳ ಒಳ್ಳೆಯ ಪರೀಕ್ಷೆ. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ ಕಡಿಮೆ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲು ಸೋತಿದೆ ಎಂದರ್ಥ. 70ರಿಂದ 74ರವರಿಗೆ ಈ ಗಡಿ ಗಂಡಸರಲ್ಲಿ 12, ಹೆಂಗಸರಲ್ಲಿ 10. ಮುಂದೆ ಬಚ್ಚಲಲ್ಲಿ ಜಾರಿ ಬೀಳುವವರು ಯಾರು ಎಂಬುದರ ಸೂಚನೆಯೂ ಇದರಲ್ಲಿ ಸಿಗುತ್ತದೆ.

ನಾಲ್ಕನೆಯದು ಉಸಿರು, ಹೃದಯದ ದಮ್ಮು. ಕರೋಲ್ ಬಾಗ್‌ನ ಹಳೆಯ ಮನೆಗಳಿಗೆ ಲಿಫ್ಟ್ ಇಲ್ಲ, ಹಾಗಾಗಿ ನಮಗೆ ಈ ಪರೀಕ್ಷೆ ಪುಕ್ಕಟೆ. ನಾಲ್ಕು ಅಂತಸ್ತು, ಅಂದರೆ ಸುಮಾರು 60 ಮೆಟ್ಟಿಲನ್ನು ಓಡದೆ, ನಿಲ್ಲದೆ ಹತ್ತಲು ಎಷ್ಟು ಹೊತ್ತು ಬೇಕು? ಒಂದು ನಿಮಿಷದೊಳಗೆ ಹತ್ತಿದರೆ ಒಳ್ಳೆಯ ಲಕ್ಷಣ, ಒಂದೂವರೆ ನಿಮಿಷ ಮೀರಿದರೆ ಗಮನ ಕೊಡಬೇಕು ಎಂದು ಸ್ಪೇನಿನ ಹೃದ್ರೋಗ ತಜ್ಞರು 2020ರಲ್ಲಿ ಹೇಳಿದರು. ಎದೆನೋವಿನ ಅನುಮಾನ ಇರುವವರು ಇದನ್ನು ಮನೆಯಲ್ಲಿ ಮಾಡಬಾರದು. ಮೆಟ್ಟಿಲು ಆಗದವರಿಗೆ, ಹಿರಿಯರಿಗೆ, ಸಮತಟ್ಟಾದ ಜಾಗದಲ್ಲಿ ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು ಎಂದು ನೋಡಿದರೂ ಸಾಕು.

ಇನ್ನೊಂದಿದೆ, ಕೈಹಿಡಿತದ ಬಲ. 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರನ್ನು ನೋಡಿದ ಒಂದು ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಭಾರತದ ಭಾಗವನ್ನು ನೋಡಿಕೊಂಡದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ. ಮುಷ್ಟಿಯ ಹಿಡಿತ 5 ಕಿಲೋದಷ್ಟು ಕಡಿಮೆಯಾದಂತೆ ಸಾವಿನ ಅಪಾಯ ಶೇ 16ರಷ್ಟು ಹೆಚ್ಚುತ್ತಿದ್ದುದು ಅದರಲ್ಲಿ ಕಂಡಿತು. ಹಿಡಿತ ಅಳೆಯುವ ಸಾಧನ ಎಲ್ಲರ ಬಳಿ ಇರುವುದಿಲ್ಲ. ಆದರೆ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಮನೆಯ ಮೆಟ್ಟಿಲು ಹತ್ತುವಾಗ ಎಷ್ಟು ಸಲ ಕೆಳಗಿಡುತ್ತೀರಿ ಎಂಬುದು ನಿಮಗೇ ಗೊತ್ತು.

ಈ ಅಳತೆಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡರೆ ವ್ಯಾಯಾಮದ ಯೋಜನೆ ಅರ್ಧ ತಾನಾಗಿಯೇ ಬರೆಯಲ್ಪಡುತ್ತದೆ. ದಮ್ಮು ಚೆನ್ನಾಗಿದ್ದು ಕಾಲು ಸೋತವನಿಗೆ ಇನ್ನಷ್ಟು ವಾಕಿಂಗ್ ಕೊಟ್ಟು ಪ್ರಯೋಜನವಿಲ್ಲ, ಅವನಿಗೆ ಬಲದ ವ್ಯಾಯಾಮ ಬೇಕು. ಬಲ ಇದ್ದು ದಮ್ಮು ಇಲ್ಲದವನಿಗೆ ಡಂಬೆಲ್ಸ್ ಸಾಲದು, ನಡಿಗೆ ಬೇಕು. ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಲಾಗದ ಹಿರಿಯರಿಗೆ ಇವೆರಡರ ಜೊತೆ ಸಮತೋಲನದ ಅಭ್ಯಾಸವೂ ಬೇಕು. ನೋಡಿ, ಮೂವರಿಗೆ ಮೂರು ದಾರಿ. ಜೆರಾಕ್ಸ್ ಹಾಳೆಯಲ್ಲಿ ಇದ್ದದ್ದು ಒಂದೇ ದಾರಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಗುರಿ ಗೊತ್ತಿರಲಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳ ಬಲಕ್ಕೆ ವ್ಯಾಯಾಮ. ಆದರೆ ಇದು ತಲುಪಬೇಕಾದ ಊರು, ಹೊರಡುವ ಬಸ್ ನಿಲ್ದಾಣವಲ್ಲ. ಇವತ್ತು ಹತ್ತು ನಿಮಿಷ ನಡೆದರೆ ಏದುಸಿರು ಬರುವವರು ಹತ್ತು ನಿಮಿಷದಿಂದಲೇ ಹೊರಡಬೇಕು. ಮುಂದಿನ ವಾರ ಹನ್ನೆರಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ದುಡ್ಡಿನ ವಿಷಯಕ್ಕೆ ಮಾತ್ರ ಬಳಸುತ್ತೇವೆ. ವ್ಯಾಯಾಮಕ್ಕೂ ಅದು ಹೊಂದುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ದಿನಾ ಸ್ವಲ್ಪ ಸ್ವಲ್ಪ ಚಾಚಿದರೆ ಹಾಸಿಗೆಯೇ ಉದ್ದವಾಗುತ್ತದೆ.

ಎಷ್ಟು ಜೋರಾಗಿ ಮಾಡಬೇಕು ಎಂಬುದಕ್ಕೆ ಬಹಳ ಜನ 220ರಿಂದ ವಯಸ್ಸನ್ನು ಕಳೆದು ನಾಡಿಬಡಿತದ ಲೆಕ್ಕ ಹಾಕುತ್ತಾರೆ. ಅದು ಸರಾಸರಿ ಲೆಕ್ಕ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ನಾಡಿ ಅಷ್ಟಾಗಿ ಏರುವುದಿಲ್ಲ, ಅವರು ಗಡಿಯಾರ ನಂಬಿದರೆ ಕೆಟ್ಟರು. ಅದಕ್ಕಿಂತ ಸರಳ ಉಪಾಯ ಮಾತು. ನಡೆಯುವಾಗ ಜೊತೆಗಾರನೊಂದಿಗೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದು ಮಧ್ಯಮ ವೇಗ. ಎರಡು ಮಾತಿಗೊಮ್ಮೆ ನಿಲ್ಲಬೇಕಾಗಿ ಬಂದರೆ ಜೋರಾಯಿತು. ಇನ್ನು ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು, ಬಿ.ಪಿ. ಇದ್ದವರಂತೂ ಖಂಡಿತ ಹಿಡಿಯಬಾರದು. 10ರಿಂದ 12 ಸಲ ಎತ್ತಲಾಗಿ, ಕೊನೆಯ ಎರಡು ಕಷ್ಟ ಎನಿಸುವ ಭಾರ ಸರಿಯಾದ ಭಾರ.

ಜಾಗಕ್ಕೂ ಅಳತೆ ಬೇಕು. ಬೆಂಗಳೂರಿನಲ್ಲಿ ವರ್ಷವಿಡೀ ನಡೆಯುವ ಯೋಜನೆ ದೆಹಲಿಯಲ್ಲಿ ನಡೆಯುವುದಿಲ್ಲ. ಮೇ ತಿಂಗಳಲ್ಲಿ ಬೆಳಿಗ್ಗೆ ಏಳಕ್ಕೇ ಬಿಸಿಗಾಳಿ. ನವೆಂಬರ್‌ನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 300 ದಾಟಿದರೆ 'ಅತಿ ಕಳಪೆ', 400 ದಾಟಿದರೆ 'ಗಂಭೀರ'. ಅಂಥ ದಿನಗಳಲ್ಲೂ ಅಜ್ಮಲ್ ಖಾನ್ ಪಾರ್ಕ್‌ನಲ್ಲಿ ಮುಂಜಾನೆಯ ಹೊಗೆಮಂಜಿನೊಳಗೆ ಓಡುವವರನ್ನು ಕಾಣುತ್ತೇನೆ. ಶಿಸ್ತು ಮೆಚ್ಚತಕ್ಕದ್ದೇ, ಆದರೆ ಏದುಸಿರು ಬಿಡುತ್ತಾ ಅವರು ಒಳಗೆಳೆದುಕೊಳ್ಳುವುದು ಏನನ್ನು? ನನ್ನ ಹತ್ತಿರ ಬರುವವರಿಗೆ ಎರಡು ಹಾಳೆ ಕೊಡುತ್ತೇನೆ. ಒಂದು ಗಾಳಿ ಸರಿ ಇದ್ದ ದಿನಕ್ಕೆ, ಇನ್ನೊಂದು ಮನೆಯೊಳಗಿನ ದಿನಕ್ಕೆ. ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು. 20 ನಿಮಿಷ ಸಾಕು.

ಇದೆಲ್ಲ ಪಶ್ಚಿಮದವರು ಕಲಿಸಿದ್ದು ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ನಮ್ಮ ಗರಡಿಮನೆಯ ಉಸ್ತಾದರು ಹೊಸ ಹುಡುಗನ ಕೈಗೆ ಮೊದಲ ದಿನವೇ ಗದೆ ಕೊಡುತ್ತಿರಲಿಲ್ಲ. ಹುಡುಗನ ಭುಜ, ತೊಡೆ, ನಿಲುವು ನೋಡಿ, ಇಷ್ಟು ದಂಡ, ಇಷ್ಟು ಬಸ್ಕಿ ಎಂದು ಹೇಳಿ, ದಿನ ಹೋದಂತೆ ಏರಿಸುತ್ತಿದ್ದರು. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರನ್ನು ನಾವು ಸಾಹಿತಿಯಾಗಿ ನೆನೆಯುತ್ತೇವೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ, ಊರೂರಿನವರಿಗೆ ಅಂಚೆಯ ಮೂಲಕ ದೇಹದಾರ್ಢ್ಯ ಕಲಿಸಿದ ಗುರುವೂ ಅವರೇ. ಆನ್‌ಲೈನ್ ಕೋಚಿಂಗ್ ಹೊಸದೇನೂ ಅಲ್ಲ.

ಸರ್ಕಾರದ ಕಡೆಯಿಂದಲೂ ಕೊರತೆಯಿಲ್ಲ. 2019ರ ಆಗಸ್ಟ್ 29ರಂದು ಇದೇ ದೆಹಲಿಯಲ್ಲಿ ಫಿಟ್ ಇಂಡಿಯಾ ಆಂದೋಲನ ಶುರುವಾಯಿತು. ಮಕ್ಕಳಿಗೆ, 18ರಿಂದ 65ರವರಿಗೆ, 65 ದಾಟಿದವರಿಗೆ ಬೇರೆ ಬೇರೆ ಪರೀಕ್ಷೆಗಳನ್ನು ಬರೆದು ಪ್ರಕಟಿಸಿದ್ದಾರೆ. ನಾನು ಮೇಲೆ ಹೇಳಿದ ಕುರ್ಚಿಯ ಪರೀಕ್ಷೆ ಹಿರಿಯರ ಪಟ್ಟಿಯಲ್ಲಿದೆ. ನಮ್ಮಲ್ಲಿ ಎಷ್ಟು ಜನ ಅದನ್ನು ತೆರೆದು ನೋಡಿದ್ದೇವೆ? 2022ರ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧ ಜನ ಬೇಕಾದಷ್ಟು ಮೈ ಆಡಿಸುವುದಿಲ್ಲ ಎಂದು 2024ರಲ್ಲಿ ಪ್ರಕಟವಾದ ಜಾಗತಿಕ ವರದಿ ಹೇಳಿತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಹೆಂಗಸರ ಸಂಖ್ಯೆ ನೋಡಿ ನನಗೆ ಆಶ್ಚರ್ಯವಾಗಲಿಲ್ಲ. 'ಮನೆಗೆಲಸವೇ ವ್ಯಾಯಾಮ ಅಲ್ವಾ' ಎಂದು ಅವರ ಪಾಲಿನ ಸಮಯವನ್ನು ಕಿತ್ತುಕೊಂಡವರು ನಾವೇ. ಗಂಡನಿಗೆ ಜಿಮ್ ಫೀಸು ಕಟ್ಟಿದ ಮನೆಯಲ್ಲೇ ಹೆಂಡತಿಯ ಮಂಡಿನೋವಿಗೆ ಮುಲಾಮು ಮಾತ್ರ ಸಿಗುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ಮೂರು ಬೇಡಿಕೆಗಳಿವೆ.

ಒಂದು, ಜಿಮ್‌ಗಳಿಗೆ. ಐದು ಪ್ರಶ್ನೆ ಕೇಳದೆ, ಬಿ.ಪಿ. ನೋಡದೆ ಯಾರನ್ನೂ ಯಂತ್ರದ ಮೇಲೆ ಹತ್ತಿಸಬಾರದು. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ, ದುಡ್ಡು ಕಟ್ಟುವ ನಾವೇ ಕೇಳಬೇಕು. 'ನನ್ನ ಅಳತೆ ತೆಗೆದುಕೊಂಡಿರಾ? ಮೂರು ತಿಂಗಳಿಗೆ ಮತ್ತೆ ಯಾವಾಗ ತೆಗೆದುಕೊಳ್ಳುತ್ತೀರಿ?' ಉತ್ತರ ಬಾರದಿದ್ದರೆ ಬೇರೆ ಜಿಮ್ ನೋಡಿ.

ಎರಡು, ಕಂಪನಿಗಳಿಗೆ. ವರ್ಷದ ಆರೋಗ್ಯ ತಪಾಸಣೆಗೆ ಇನ್ನೊಂದು ಪುಟ ಸೇರಿಸಿ. ಸೊಂಟ, ಕುರ್ಚಿ, ಮೆಟ್ಟಿಲು, ಒಂಟಿ ಕಾಲು. ಒಬ್ಬರಿಗೆ ಹದಿನೈದು ನಿಮಿಷ. ಈ ಕಾಲಂ ಓದುವವರಲ್ಲಿ ಎಚ್.ಆರ್. ವಿಭಾಗದವರು ಇದ್ದೇ ಇರುತ್ತೀರಿ, ನಿಮ್ಮ ಕೈಯಲ್ಲೇ ಇದೆ.

ಮೂರು, ನಮ್ಮ ಕನ್ನಡ ಸಂಘಗಳಿಗೆ. ದೆಹಲಿ, ಮುಂಬೈ, ಪುಣೆ, ಹೈದರಾಬಾದ್ ಎಲ್ಲೆಡೆ ಸಂಘಗಳಿವೆ. ಇಲ್ಲಿ ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘದ ಸಭಾಂಗಣವೇ ಇದೆ. ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡುತ್ತೇವೆ, ಹಾಡು, ನಾಟಕ, ಬಿಸಿಬೇಳೆಬಾತ್ ಎಲ್ಲ ಇರುತ್ತದೆ. ಊಟಕ್ಕೆ ಮೊದಲಿನ ಒಂದು ಗಂಟೆಯನ್ನು ಅಳತೆಗೆ ಕೊಡಿ. ಹತ್ತು ಕುರ್ಚಿ, ಹತ್ತು ಸ್ವಯಂಸೇವಕರು. ಫಿಸಿಯೋಥೆರಪಿ ಓದಿದ ನಮ್ಮ ಹುಡುಗ ಹುಡುಗಿಯರು ಎಲ್ಲ ಊರಲ್ಲೂ ಇದ್ದಾರೆ, ಕರೆದರೆ ಬರುತ್ತಾರೆ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಬರೆದುಕೊಡಿ. ಹಿಂದಿ ಬಾರದ ಕಾರಣಕ್ಕೇ ಮಗನ ಮನೆಯಲ್ಲಿ ನಾಲ್ಕು ಗೋಡೆಯ ನಡುವೆ ಕೂತ ಎಷ್ಟೋ ಅಪ್ಪ ಅಮ್ಮಂದಿರು ಇಂಥ ನಗರಗಳಲ್ಲಿದ್ದಾರೆ. ಪಾರ್ಕಿಗೆ ಹೋದರೆ ಮಾತಿಗೆ ಜನವಿಲ್ಲ, ಹೋಗದಿದ್ದರೆ ಕಾಲಿಗೆ ಬಲವಿಲ್ಲ.

ಊರಿಗೆ ಹೋಗುವವರಿಗೆ ಇನ್ನೊಂದು ಮಾತು. ಬಾದಾಮಿ, ಪಿಸ್ತಾ ಡಬ್ಬಿ ಒಯ್ಯಿರಿ, ಬೇಡ ಎನ್ನುವುದಿಲ್ಲ. ಜೊತೆಗೆ ಅಪ್ಪ ಅಮ್ಮನನ್ನು ಒಮ್ಮೆ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲೇ ನಿಂತು, 30 ಸೆಕೆಂಡು ಎಣಿಸಿ. 'ಚೆನ್ನಾಗಿದೀನಪ್ಪ' ಎಂದು ಫೋನಿನಲ್ಲಿ ಅವರು ಹೇಳುವ ಮಾತು ಎಷ್ಟು ನಿಜ ಎಂದು ಅಲ್ಲಿ ಗೊತ್ತಾಗುತ್ತದೆ.

ನಾನು ಅದನ್ನು ವಿಡಿಯೊ ಕಾಲ್‌ನಲ್ಲೇ ಮಾಡಬೇಕಾಯಿತು. ಮೊದಲು ಹಾಸನದ ವೈದ್ಯರನ್ನು ಮಾತಾಡಿಸಿ ಅವರ ಒಪ್ಪಿಗೆ ಪಡೆದೆ. ಆಮೇಲೆ ಅಮ್ಮನನ್ನು ಪಕ್ಕಕ್ಕೆ ನಿಲ್ಲಿಸಿ, ಅಪ್ಪನನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ ಎಣಿಸಿದೆ. ಎಂಟು. ಇರಬೇಕಾದದ್ದು ಹನ್ನೆರಡು. ಹೃದಯದ ಭಯದಲ್ಲಿ ಕೂತಿದ್ದ ಅಪ್ಪನಿಗೆ ಕಾಲೇ ಸೋಲುತ್ತಿರುವುದು ಗೊತ್ತಾಗಿರಲಿಲ್ಲ. ನನಗೂ ಗೊತ್ತಾಗಿರಲಿಲ್ಲ.

ಅವರಿಗೆ ಕೊಟ್ಟ ಯೋಜನೆ ದೊಡ್ಡದೇನಲ್ಲ. ಕಾಫಿಗೆ ಮುಂಚೆ ಐದು ಸಲ, ಸಂಜೆ ಐದು ಸಲ ಕುರ್ಚಿಯಿಂದ ಏಳುವುದು. ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಕೆರೆ ಏರಿಗೆ ಪಕ್ಕದ ಮನೆಯವರ ಜೊತೆ ಹತ್ತು ನಿಮಿಷ, ಜೇಬಿನಲ್ಲಿ ಫೋನು. ಎರಡು ವಾರಕ್ಕೊಮ್ಮೆ ಒಂದನ್ನು ಮಾತ್ರ ಸ್ವಲ್ಪ ಏರಿಸುವುದು. ಮೈ ಸರಿಯಿಲ್ಲದ ದಿನ ರಜೆ. ಅಮ್ಮ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾ ಬಂದರು.

ಮೂರು ತಿಂಗಳ ಮೇಲೆ ದೀಪಾವಳಿಗೆ ಊರಿಗೆ ಹೋದಾಗ ಅದೇ ಕುರ್ಚಿ, ಅದೇ 30 ಸೆಕೆಂಡು. ಈ ಸಲ ನಾನೇ ಎದುರು ನಿಂತು ಎಣಿಸಿದೆ. ಹನ್ನೊಂದು. 'ಹನ್ನೆರಡಾಗಿತ್ತು, ನೀನು ಒಂದು ಎಣಿಸಲೇ ಇಲ್ಲ' ಎಂದು ಅಪ್ಪ ಜಗಳಕ್ಕೇ ಬಂದರು. ಆಗಿರಲಿಲ್ಲ, ಹನ್ನೊಂದೇ. ಕೊನೆಯದರಲ್ಲಿ ಪೂರ್ತಿ ಎದ್ದಿರಲಿಲ್ಲ. ಅಳತೆಯಲ್ಲಿ ಅಪ್ಪನೆಂದು ರಿಯಾಯಿತಿ ಕೊಡಲಿಲ್ಲ. ಅವರು ಎದ್ದು ಪಂಚೆ ಕೊಡವಿ, ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಯ ಕಡೆ ಹೊರಟರು. ಮುಂದಿನ ಅಳತೆ ಯುಗಾದಿಗೆ.